ಓವರ್ ಕೂಡಿಸಿದ ಜಸ್ನಾ

ಕ್ರಿಕೆಟ್ ಸ್ಕೋರನ್ನು ಇಂಟರ್‌ನೆಟ್ಟಿಗೆ ಹಾಕುವ ಯೋಚನೆ ಜಸ್ನಾಳದ್ದೇ. ಡಿಗ್ರಿ ಮುಗಿಸಿ ಬಂದು ಬಿ.ಸಿ. ರೋಡಿನಲ್ಲಿ ಶ್ರವಣನ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುವ ಹುಡುಗಿ. 2003ರಲ್ಲಿ ಮಾಣಿಯಲ್ಲಿ ಟೂರ್ನಮೆಂಟ್ ಶುರುವಾದಾಗ, ಗಲ್ಫಿನಲ್ಲಿರುವ ಊರಿನವರೂ ನೋಡಲಿ ಎಂದು ಒಂದು ವೆಬ್ ಪುಟ ಮಾಡಿದಳು.

ಮೊದಲ ಭಾನುವಾರ ಸಂಜೆಯೇ ಸೌದಿಯ ದಮ್ಮಾಮಿನಿಂದ ಅಣ್ಣ ನಿಝಾರನ ಫೋನು.

"ಏ ಜಸ್ನಾ, ಐದು ಪಾಯಿಂಟ್ ಒಂಬತ್ತು ಓವರ್ ಅಂತ ಹಾಕಿದ್ದೀಯಲ್ಲ, ಅದು ಎಲ್ಲಿಯ ಕ್ರಿಕೆಟ್? ರೂಮಿನವರೆಲ್ಲ ಬಿದ್ದು ಬಿದ್ದು ನಗ್ತಾರೆ ಮಾರಾಯ್ತಿ!"

ನೋಡಿದರೆ ಹೌದು. ಒಂದು ತಂಡ ಮೊದಲ ಪಂದ್ಯದಲ್ಲಿ 3.4 ಓವರ್, ಎರಡನೆಯದರಲ್ಲಿ 2.5 ಓವರ್ ಆಡಿತ್ತು. ಕೂಡಿದರೆ 6.3 ಆಗಬೇಕು. ಆರು ಎಸೆತಕ್ಕೆ ಒಂದು ಓವರ್ ಎಂಬುದು ಕಂಪ್ಯೂಟರಿಗೇನು ಗೊತ್ತು? ಅದು ಮಾಮೂಲಿ ಸಂಖ್ಯೆಯ ಹಾಗೆ ಕೂಡಿಸಿಬಿಟ್ಟಿತ್ತು. ರನ್ ರೇಟೂ ಕೆಟ್ಟಿತ್ತು.

"ಒಟ್ಟು ಓವರ್ ತೆಗೆದುಬಿಡುವ, ಬರೀ ರನ್ ಸಾಕು," ಎಂದ ಶ್ರವಣ್.

"ಬೇಡ ಶ್ರವಣಣ್ಣ. ನಾನು ಸರಿ ಮಾಡ್ತೇನೆ."

ಪ್ರೋಗ್ರಾಮಿನಲ್ಲಿ ನಾವೇ ಮಾಡಿದ ವಸ್ತುಗಳನ್ನು, ಅಂದರೆ ಆಬ್ಜೆಕ್ಟುಗಳನ್ನು, ಪ್ಲಸ್ ಚಿಹ್ನೆ ಹೇಗೆ ಕೂಡಿಸಬೇಕೆಂದು ನಾವೇ ಹೇಳಬಹುದು ಎಂದು ಮೂಡುಬಿದಿರೆಯ ಕಾಲೇಜಿನಲ್ಲಿ ಜಲಜಾಕ್ಷಿ ಮೇಡಂ ಕಲಿಸಿದ್ದರು. ಆದರೆ ಅದು ಸಿ ಪ್ಲಸ್ ಪ್ಲಸ್ ಪಾಠ. ವೆಬ್ ಪುಟದ ಜಾವಾಸ್ಕ್ರಿಪ್ಟಿನಲ್ಲಿ ಹೇಗೆ ಎಂದು ಸೋಮವಾರ ಕಾಲೇಜಿಗೇ ಹೋಗಿ ಅವರನ್ನು ಕೇಳಿದಳು.

"ಅದರಲ್ಲಿ ಆ ಸೌಕರ್ಯ ಇಲ್ಲ ಜಸ್ನಾ. ಪ್ಲಸ್ಸನ್ನು ಮುಟ್ಟಲಿಕ್ಕೆ ಆಗುವುದಿಲ್ಲ. ಆದರೆ ಕೂಡಿಸುವ ಮೊದಲು ಅದು ವಸ್ತುವಿನ ಹತ್ತಿರ ಏನು ಕೇಳ್ತದೆ, ನೋಡಿದ್ದೀಯಾ?"

ಬಿ.ಸಿ. ರೋಡಿಗೆ ವಾಪಸು ಬರುವ ಬಸ್ಸಿನಲ್ಲಿ ಆ ಮಾತು ತಲೆಯಲ್ಲೇ ಸುತ್ತಿತು. ವಸ್ತು ಸಿಕ್ಕಿದರೆ ಪ್ಲಸ್ ಮೊದಲು ಕೇಳುವುದು 'ನಿನ್ನ ಬೆಲೆ ಎಷ್ಟು?' ಎಂದು. ಉತ್ತರ ಕೊಡುವುದು ವ್ಯಾಲ್ಯೂಆಫ್ ಎಂಬ ಫಂಕ್ಷನ್. ಆ ಉತ್ತರವನ್ನು ಓವರಿನಲ್ಲಿ ಕೊಡದೆ ಎಸೆತದಲ್ಲಿ ಕೊಟ್ಟರೆ?

ಸೆಂಟರಿಗೆ ಬಂದವಳೇ ಬ್ಯಾಗು ಕೂಡ ಕೆಳಗಿಡದೆ, ಓವರನ್ನೇ ಒಂದು ವಸ್ತು ಮಾಡಿ, ಬೆಲೆ ಕೇಳಿದರೆ ಅದು ಎಸೆತ ಹೇಳುವ ಹಾಗೆ ಬರೆಯತೊಡಗಿದಳು. ಎರಡು ಪಂದ್ಯದ ಓವರ್ ಕೂಡಿಸಿದಾಗ ಪರದೆಯ ಮೇಲೆ 39 ಎಂದು ಬಂತು.

"ಮೂವತ್ತೊಂಬತ್ತು ಓವರಾ?" ಶ್ರವಣ್ ಬೆಚ್ಚಿಬಿದ್ದ.

"ಎಸೆತ, ಶ್ರವಣಣ್ಣ! ಮೊದಲ ಪಂದ್ಯದ್ದು ಇಪ್ಪತ್ತೆರಡು, ಎರಡನೆಯದರದ್ದು ಹದಿನೇಳು. ಸರಿ ಉಂಟಲ್ಲ!"

ಬಂದ ಎಸೆತಗಳಿಂದ ಮತ್ತೆ ಓವರ್ ವಸ್ತು ಮಾಡಿದಳು. 6.3! ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ಹೋಲಿಸುವ ಚಿಹ್ನೆಗಳಿಗೂ ಅದೇ ಉತ್ತರ ಸಾಕಾಯಿತು, ಬೇರೆ ಒಂದಕ್ಷರವನ್ನೂ ಬರೆಯಬೇಕಾಗಲಿಲ್ಲ. ಜಸ್ನಾ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದಳು.

ಲೀಗ್ ಮುಗಿದ ದಿನ ಮಾಣಿ, ಪೊಳಲಿ ತಂಡಗಳ ಅಂಕ ಸಮ ಬಂತು. ಯಾರು ಫೈನಲಿಗೆ ಎಂದು ಮೈದಾನದಲ್ಲಿ ಜಗಳವೇ ಜಗಳ. ಟೂರ್ನಮೆಂಟ್ ನಡೆಸುವ ಕಮಲಾಕ್ಷ ಪಕ್ಕದ ಫೋನ್ ಬೂತಿನಿಂದ ಸೆಂಟರಿಗೆ ಫೋನ್ ಮಾಡಿದ.

"ಏನು ಹೇಳ್ತದೆ ನಿನ್ನ ಕಂಪ್ಯೂಟರ್?"

"ಪೊಳಲಿಯ ರನ್ ರೇಟ್ ಹತ್ತೂವರೆ, ಮಾಣಿಯದ್ದು ಹತ್ತು."

ಕಮಲಾಕ್ಷ ಆ ಕಡೆಯಿಂದ ಕೂಗಿಯೇಬಿಟ್ಟ. "ನಾನು ಬೆರಳು ಮಡಚಿ ಹಾಕಿದ ಲೆಕ್ಕವೂ ಅದೇ! ಈಗ ಯಾರು ಮಾತಾಡ್ತಾರೆ ನೋಡುವ!"

ಅವನು ರಿಸೀವರನ್ನು ಹಾಗೇ ಬಿಟ್ಟು ಓಡಿದ. ಮೈಕಿನಲ್ಲಿ ಪೊಳಲಿಯ ಹೆಸರು, ಅದರ ಹಿಂದೆಯೇ "ಲೆಕ್ಕ ಹಾಕಿದ್ದು ಬಿ.ಸಿ. ರೋಡಿನ ಜಸ್ನಾ" ಎಂಬ ಕೂಗು ತಂತಿಯಲ್ಲಿ ಕೇಳಿಸಿತು. ಜಸ್ನಾ ರಿಸೀವರನ್ನು ಶ್ರವಣನ ಕಿವಿಗೆ ಹಿಡಿದಳು.

"ಕೇಳಿತಾ ಶ್ರವಣಣ್ಣ? ಗೋಳಿಬಜೆ ತರಿಸಿ. ಎರಡು ಪ್ಲೇಟ್ ನನಗೇ."