ಗಾಡಿ ಕಟ್ಟಿಸಿಕೊಂಡು ಬಂದ ಯಜಮಾನ

ಸುಸನ್ನಾ ಪಿಮ್ ಕೆಲಸದ ಮನೆ ಬಿಟ್ಟು ಓಡಿಹೋದ ಕತೆಯನ್ನು ಬೆರಿಲ್ ಪ್ರತಿ ಕ್ರಿಸ್‌ಮಸ್ಸಿಗೂ ಹೇಳುತ್ತಿದ್ದಳು. ಹುರಿದ ಕುರಿತೊಡೆ ಮೇಜಿಗೆ ಬಂದು ಮೊದಲ ಗ್ಲಾಸು ಖಾಲಿಯಾದರೆ ಸಾಕು, ಶುರು. ಸುಸನ್ನಾ ಇಂಗ್ಲೆಂಡಿನಲ್ಲಿ ಒಂದು ಉಣ್ಣೆ ಶಾಲು ಕದ್ದು ಕೈದಿಯಾಗಿ ಹಡಗು ಹತ್ತಿದವಳು, ಬೆರಿಲ್‌ಳ ಮುತ್ತಜ್ಜನನ್ನು ಹೆತ್ತವಳು. ಕೈದಿಗಳ ದ್ವೀಪವಾಗಿದ್ದ ಟಾಸ್ಮೇನಿಯಾದಲ್ಲಿ ಇಳಿಸಿಕೊಂಡ ಸರಕಾರ ಅವಳನ್ನು ಓಟ್‌ಲ್ಯಾಂಡ್ಸ್ ಕಡೆಯ ಹ್ಯಾವರ್ಗಲ್ ಎಂಬ ದೊಡ್ಡ ಕುರಿಸಾಕಣೆಯವರ ಮನೆಗೆ ಚಾಕರಿಗೆ ಕೊಟ್ಟಿತು. ಅಲ್ಲಿ ಒಂದು ದಿನ ಏನೋ ಮುನಿಸು ಬಂದು ಹೇಳದೆ ಕೇಳದೆ ಹೋಬಾರ್ಟ್ ಪಟ್ಟಣಕ್ಕೆ ಹೊರಟುಹೋದಳು.

"ಆಗ ಯಜಮಾನ ಏನ್ ಮಾಡ್ದ ಹೇಳಿ? ಪೊಲೀಸ್ರನ್ನ ಕಳಿಸ್ಲಿಲ್ಲ. ತಾನೇ ಗಾಡಿ ಕಟ್ಟಿಸ್ಕೊಂಡು ಹೋಬಾರ್ಟಿಗೆ ಬಂದು ಕರ್ಕೊಂಡ್ ಹೋದ. ಐವತ್ತು ಮೈಲಿ! ಒಬ್ಬ ಕೈದಿ ಹೆಂಗ್ಸಿಗೆ! ಅಷ್ಟು ಪ್ರೀತಿ ಕಣ್ರೋ ಆ ಮನೇಲಿ ಅವ್ಳನ್ನ ಕಂಡ್ರೆ."

ಬೆರಿಲ್‌ಳ ತಾಯಿಯ ಕಾಲದಲ್ಲಿ ಕೈದಿಯ ಸಂತಾನ ಎಂದು ಉಸಿರೆತ್ತುವಂತಿರಲಿಲ್ಲ. ಮನೆಯ ಬೈಬಲ್ಲಿನಲ್ಲಿ ಅವಳ ಹೆಸರು ಬರೆದಿದ್ದ ಹಾಳೆಯನ್ನೇ ಹರಿದು ಒಲೆಗೆ ಹಾಕಿದ್ದರು. ಈಗ ಗಾಳಿ ತಿರುಗಿತ್ತು. ವಂಶದಲ್ಲಿ ಒಬ್ಬನಾದರೂ ಕೈದಿಯಿಲ್ಲದವನು ನಾಲ್ಕು ಜನರ ನಡುವೆ ಸುಮ್ಮನಿರಬೇಕಾದ ಕಾಲ. ಬೆರಿಲ್‌ಗೋ ಕೈದಿಯ ಜೊತೆಗೆ ಕಲ್ಲೂ ಇತ್ತು. ಹ್ಯಾವರ್ಗಲ್‌ರ ಜಮೀನಿನೊಳಗೆ, ಅವರ ಮನೆತನದ ಸಮಾಧಿಗಳ ನಡುವೆ, ಮೊಣಕಾಲೆತ್ತರದ ಮರಳುಗಲ್ಲು: 'ಸುಸನ್ನಾ ಪಿಮ್. ನಂಬಿಕೆಯ ಸೇವಕಿ. ತನ್ನನ್ನು ಹಾಲೂಡಿ ಬೆಳೆಸಿದವಳಿಗೆ ಎಡ್ಮಂಡ್ ಹ್ಯಾವರ್ಗಲ್ ನಿಲ್ಲಿಸಿದ್ದು.'

ಎಂಬತ್ತನಾಲ್ಕನೇ ವರ್ಷದಲ್ಲಿ ಶ್ವಾಸಕೋಶ ಕೈಕೊಟ್ಟು, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡ ಮೇಲೆ ಬೆರಿಲ್‌ಗೆ ಉಳಿದದ್ದು ಒಂದೇ ಆಸೆ. ತನ್ನ ಬೂದಿ ಆ ಕಲ್ಲಿನ ಬುಡಕ್ಕೆ ಸೇರಬೇಕು.

"ಮುನಿಸಿಪಾಲಿಟಿ ಸ್ಮಶಾನದ ಗೋಡೆ ಗೂಡಲ್ಲಿ ಇಡ್ಬೇಡ ಕಣೇ ನನ್ನ. ಪೋಸ್ಟ್ ಆಫೀಸಿನ ಡಬ್ಬಿ ಇದ್ದಂಗಿರತ್ತೆ."

ಮಗಳು ಗ್ಲೆನಿಸ್ ಹ್ಯಾವರ್ಗಲ್‌ರಿಗೆ ಕಾಗದ ಬರೆದಳು. ಆ ಮನೆಯ ಈಗಿನ ಯಜಮಾನ ಎಪ್ಪತ್ತು ದಾಟಿದ ಮರ್ಯಾದಸ್ಥ. ಸಂತೋಷವೆಂದೇ ಉತ್ತರ ಬಂತು. ಆದರೆ ಸಂಬಂಧ ತೋರಿಸುವ ದಾಖಲೆ ಬೇಕು, ತನ್ನ ತಮ್ಮಂದಿರೂ ಒಪ್ಪಬೇಕಲ್ಲ, ಎಂದು.

ಹೀಗೆ ಶುರುವಾಯಿತು. ಗ್ಲೆನಿಸ್ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಳಗಿನ ಪಾಳಿಯವಳು. ಎರಡು ಗಂಟೆಗೆ ಬಿಡುಗಡೆ, ಐದಕ್ಕೆ ಅಮ್ಮನ ಊಟ. ನಡುವಿನ ಹೊತ್ತಿನಲ್ಲಿ ಸೋಪಿನ ಪುಡಿಗೆ ಒಡೆದ ಬೆರಳುಗಳನ್ನು ಕೋಟಿನ ಜೇಬಿನಲ್ಲಿ ಮುಚ್ಚಿಕೊಂಡು ದಾಖಲೆ ಕಚೇರಿಯಲ್ಲಿ ಕೂರುತ್ತಿದ್ದಳು. ವಂಶದ ಕೊಂಡಿಗಳು ಮೂರು ವಾರದಲ್ಲಿ ಸಿಕ್ಕವು. ಕುರುಬನೊಬ್ಬನಿಂದ ಸುಸನ್ನಾಗೆ ಹುಟ್ಟಿದ ಗಂಡುಮಗು, ಅವನ ಮಕ್ಕಳು, ಮೊಮ್ಮಕ್ಕಳು, ಬೆರಿಲ್. ಹ್ಯಾವರ್ಗಲ್‌ಗೆ ಅಷ್ಟು ಸಾಕಿತ್ತು. ಗ್ಲೆನಿಸ್ ಅಲ್ಲಿಗೇ ನಿಲ್ಲಿಸಬಹುದಿತ್ತು.

"ನಡತೆ ಪುಸ್ತಕ ನೋಡಿದ್ರಾ?" ಎಂದು ಕೇಳಿದವಳು ಕಚೇರಿಯ ಮೊರಾಗ್. "ಪ್ರತಿ ಕೈದಿಗೂ ಒಂದು ಪುಟ ಇರತ್ತೆ. ಯಜಮಾನ ಯಾವಾಗ ದೂರು ಕೊಟ್ಟ, ಏನು ಶಿಕ್ಷೆ ಆಯ್ತು, ಎಲ್ಲ. ನಮ್ಮಜ್ಜಿಯ ಅಜ್ಜಿದು ಪುಟ ತುಂಬಿ ಬರಹ ಪಕ್ಕದ ಅಂಚಿಗೂ ಹೋಗಿದೆ. ಮಹಾ ಬಾಯಿ ಅವಳದು."

"ನಮ್ಮೋಳು ಸಾಧು. ಒಂದ್ಸಲ ಓಡಿಹೋಗಿದ್ದಳಂತೆ ಅಷ್ಟೆ."

"ಸಾಧುಗಳ ಪುಟಾನೇ ಓದೋಕೆ ಕಷ್ಟ," ಎಂದಳು ಮೊರಾಗ್, ಪರದೆಯ ಮೇಲೆ ಪುಟ ತೆರೆದು.

ಸುಸನ್ನಾಳ ಪುಟದಲ್ಲಿ ನಾಲ್ಕೇ ನಮೂದು. ಮೊರಾಗ್ ಬೆರಳಿಟ್ಟು ಓದುತ್ತ ಹೋದಳು.

1839 ನವೆಂಬರ್. ಹಡಗಿನಿಂದ ಇಳಿದಳು. ದಾರಿಯಲ್ಲಿ ಹುಟ್ಟಿದ ಹೆಣ್ಣು ಕೂಸು ಜೊತೆಗಿದೆ.

1840 ಜನವರಿ. ಕೂಸನ್ನು ಹೋಬಾರ್ಟಿನ ಹೆಂಗಸರ ಜೈಲಿನ ಶಿಶುಕೋಣೆಯಲ್ಲಿ ಇರಿಸಿಕೊಂಡು ಈಕೆಯನ್ನು ಹ್ಯಾವರ್ಗಲ್ ಮನೆಗೆ ಕಳಿಸಿದೆ, ಹಾಲೂಡುವ ದಾದಿಯಾಗಿ.

ಮಾರ್ಚ್ 22. ಅಪ್ಪಣೆಯಿಲ್ಲದೆ ಮನೆ ಬಿಟ್ಟದ್ದು. ಜೈಲಿನ ಹೊರಗೋಡೆಯ ಬಳಿ ಸಿಕ್ಕಳು. ತಲೆ ಬೋಳಿಸಿ ಕತ್ತಲೆ ಕೋಣೆ, ಹದಿನಾಲ್ಕು ದಿನ, ರೊಟ್ಟಿ ಮತ್ತು ನೀರು.

ಮಾರ್ಚ್ 25. ಉಳಿದ ಶಿಕ್ಷೆ ಮನ್ನಾ. ಯಜಮಾನರು ಖುದ್ದಾಗಿ ಬಂದು ಕೇಳಿಕೊಂಡದ್ದರಿಂದ ಮರಳಿ ಒಪ್ಪಿಸಿದೆ. ಅವರ ಮಗು ಬೇರೆ ಯಾರ ಮೊಲೆಯನ್ನೂ ಬಾಯಿಗೆ ತೆಗೆದುಕೊಳ್ಳುತ್ತಿಲ್ಲ.

ಗ್ಲೆನಿಸ್ ಕೊನೆಯ ಸಾಲನ್ನು ಎರಡು ಸಲ ಓದಿಸಿದಳು. ಗಾಡಿ ಕಟ್ಟಿಸಿಕೊಂಡು ಬಂದ ಯಜಮಾನ. ಗಾಡಿಯ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಹಾಲು ಕೊಡುವ ಆಕಳು ತಪ್ಪಿಸಿಕೊಂಡರೆ ಯಾರಾದರೂ ಹುಡುಕಿಕೊಂಡು ಬರುತ್ತಾರೆ.

"ಕೂಸು?" ಎಂದಳು.

ಮೊರಾಗ್ ಸಾವುಗಳನ್ನು ಬರೆದಿಟ್ಟ ಬೇರೊಂದು ಪುಸ್ತಕ ತೆರೆದಳು. ಹುಡುಕಲು ಹೊತ್ತು ಹಿಡಿಯಲಿಲ್ಲ. ಆ ಬೇಸಿಗೆಯ ಪುಟಗಳಲ್ಲಿ ಹೆಚ್ಚಿನವು ಕೂಸುಗಳೇ. ಆ್ಯನ್ ಪಿಮ್, ಐದು ತಿಂಗಳು, ಕೈದಿಯ ಮಗು. ಭೇದಿ. ಮಾರ್ಚ್ 13.

"ಇವ್ಳು ಬಂದು ಗೋಡೆ ಹತ್ರ ನಿಂತಿದ್ದು ಇಪ್ಪತ್ತೆರಡಕ್ಕೆ," ಎಂದಳು ಗ್ಲೆನಿಸ್. "ಒಂಬತ್ತು ದಿನ. ಯಾರೂ ಹೇಳಿರ್ಲಿಲ್ವಾ ಅವ್ಳಿಗೆ?"

"ಹೇಳೋದು ಯಾರ ಕೆಲಸವೂ ಆಗಿರ್ಲಿಲ್ಲ," ಎಂದಳು ಮೊರಾಗ್. "ಶಿಶುಕೋಣೆಯಲ್ಲಿ ನೆನೆಸಿದ ರೊಟ್ಟಿ ಕೊಡ್ತಿದ್ರು. ಎದೆಹಾಲು ಬಿಡಿಸಿದ ಕೂಸು ಅದ್ರಲ್ಲಿ ಬದುಕಿದ್ರೆ ಅದರ ಪುಣ್ಯ."

"ಎಲ್ಲಿ ಹೂತಿದಾರೆ?"

ಮೊರಾಗ್ ಕನ್ನಡಕ ತೆಗೆದು ಒರೆಸಿದಳು. "ಗುರುತಿಲ್ಲ. ಯಾರ್ದೂ ಇಲ್ಲ."

ಬಸ್ಸಿನಲ್ಲಿ ಕೂತ ಗ್ಲೆನಿಸ್‌ಗೆ ನೆನಪಾದದ್ದು ತನ್ನ ಮೈಯೇ. ಮಗಳು ಹುಟ್ಟಿ ಆರು ವಾರಕ್ಕೆ ಪಾಳಿಗೆ ಮರಳಿದ್ದಳು. ಬಿಸಿ ಹಾಸಿಗೆಬಟ್ಟೆಗಳ ರಾಶಿಯ ನಡುವೆ ನಿಂತಿರುವಾಗ ಎಲ್ಲೋ ವಾರ್ಡಿನಲ್ಲಿ ಯಾರದೋ ಕೂಸು ಅತ್ತರೆ ಇಲ್ಲಿ ಅಂಗಿಯ ಎದೆ ಒದ್ದೆಯಾಗುತ್ತಿತ್ತು. ಮೈಗೆ ಯಾರ ಮಗು ಎಂಬ ವಿವೇಕವಿರಲಿಲ್ಲ. ಆದರೂ ಅವಳಿಗೆ ಮೂರು ಗಂಟೆಗೆ ಮನೆಯಿತ್ತು, ಮನೆಯಲ್ಲಿ ಮಗಳಿದ್ದಳು. ಸುಸನ್ನಾ ತಲೆ ಬೋಳಿಸಿಕೊಂಡು ಆ ಗಾಡಿಯಲ್ಲಿ ಐವತ್ತು ಮೈಲಿ ಕೂತು ಹೋಗಿ, ಇಳಿದು, ಎಡ್ಮಂಡನನ್ನು ಎತ್ತಿಕೊಂಡಿದ್ದಳು.

ಅಮ್ಮನಿಗೆ ಹೇಳಬಾರದು ಎಂದುಕೊಂಡೇ ಮನೆಯ ಬಾಗಿಲು ತೆಗೆದಳು. ಸಾಯುವವಳು, ಪ್ರೀತಿಯ ಕತೆಯೊಂದನ್ನು ತಲೆದಿಂಬಾಗಿಟ್ಟುಕೊಂಡು ಸಾಯಲಿ. ನಾಲ್ಕು ದಿನ ನಾಲಿಗೆ ಬಿಗಿಹಿಡಿದಳು. ಐದನೇ ದಿನ ಸೂಪಿನ ಚಮಚ ಬಾಯಿಗಿಡುವಾಗ ಬೆರಿಲ್ ಚಮಚವನ್ನು ಪಕ್ಕಕ್ಕೆ ತಳ್ಳಿದಳು.

"ಏನ್ ಸಿಕ್ತು?"

"ಎಲ್ಲಾ ಸಿಕ್ತಮ್ಮ. ಸಂಬಂಧ ಸರಿಯಾಗಿದೆ. ಹ್ಯಾವರ್ಗಲ್ ಒಪ್ತಾರೆ."

"ಮತ್ಯಾಕೆ ಸತ್ತ ಮೀನಿನ ಮುಖ ಹೊತ್ಕೊಂಡ್ ತಿರುಗ್ತಿದೀಯ? ನಿಮ್ಮಪ್ಪ ಕುದುರೆ ಜೂಜಲ್ಲಿ ಸೋತು ಬಂದಾಗ ಹಿಂಗೇ ಇರ್ತಿದ್ದ."

ಗ್ಲೆನಿಸ್ ಹೇಳಿದಳು. ನಾಲ್ಕು ನಮೂದು, ಒಂದು ಸಾವು, ಒಂಬತ್ತು ದಿನ. ಸೂಪು ಆರಿತು. ಬೆರಿಲ್ ಗೋಡೆಯ ಕಡೆ ತಿರುಗಿ ಮಲಗಿದಳು. ಆಮ್ಲಜನಕದ ಯಂತ್ರ ಮಾತ್ರ ಗೊರಗುಟ್ಟುತ್ತಿತ್ತು. ಮರುದಿನವೂ ಅತ್ತಲೇ ತಿರುಗಿದ್ದಳು. ಕೊಂದೆನೇನೋ ಎಂದು ಗ್ಲೆನಿಸ್ ರಾತ್ರಿ ಎರಡು ಸಲ ಎದ್ದು ಬಂದು ಅಮ್ಮನ ಉಸಿರು ಆಲಿಸಿದಳು.

ಮೂರನೇ ದಿನ ಬೆರಿಲ್ ತಾನಾಗಿ ಕೇಳಿದಳು. "ಎಷ್ಟು ಕ್ರಿಸ್‌ಮಸ್ ಆಯ್ತು ನಾನು ಆ ಕತೆ ಹೇಳಿ?"

"ಬಿಡಮ್ಮ."

"ಅರವತ್ತಾದ್ರೂ ಆಗಿರ್ಬೇಕು. ಮಾಂಸ ಜಗೀತಾ ಹೇಳಿದೀನಿ. ಎಲ್ರೂ ನಕ್ಕಿದೀವಿ." ಉಸಿರಿಗಾಗಿ ತಡೆದಳು. "ನಂಗೆ ನಮ್ಮಮ್ಮ ಗುಟ್ಟಾಗಿ ಹೇಳಿದ್ದು ಅಲ್ವಾ? ಅವ್ಳಿಗೆ ಯಾರು ಹೇಳಿರ್ತಾರೆ? ಕೊನೇಗೆ ಸುಸನ್ನಾನೇ ತಾನೆ? ಆ ಮುದುಕಿ ತನ್ನ ಮಗನಿಗೆ ಹೇಳೋವಾಗ ಕೂಸಿನ ಮಾತನ್ನ ನುಂಗ್ಕೊಂಡ್ಲು. ಬರೀ ಗಾಡಿ ಉಳ್ಸಿದ್ಲು."

"ನಿನ್ನ ಅಲ್ಲಿಗೆ ಒಯ್ಯೋದು ಬೇಡಮ್ಮ. ಬೇರೆ ಜಾಗ ನೋಡೋಣ."

"ಯಾಕೆ ಬೇಡ? ಅಲ್ಲೇ ಹಾಕು." ಮುದುಕಿಯ ದನಿ ಗಟ್ಟಿಯಾಯಿತು. "ಮೊದ್ಲು ಮರ್ಯಾದೆ ಅಂತ ಹೋಗೋಳಿದ್ದೆ. ಈಗ ಹಾಗಲ್ಲ. ನೂರೈವತ್ತು ವರ್ಷದ ಹತ್ರ ಆಯ್ತು, ಅವ್ರ ಮಧ್ಯೆ ಒಬ್ಳೇ ಬಿದ್ದಿದಾಳೆ. ನಮ್ಮೋರು ಅಂತ ಒಬ್ರು ಬೇಡ್ವಾ ಪಕ್ಕದಲ್ಲಿ? ಆದ್ರೆ ಆ ಕೂಸಿನ ಹೆಸ್ರು ಕಲ್ಲಿನ ಮೇಲೆ ಬರ್ಬೇಕು. ಹೋಗಿ ಕೇಳು."

ಗ್ಲೆನಿಸ್ ರಜೆ ಹಾಕಿ ಹೋದಳು. ಹ್ಯಾವರ್ಗಲ್ ಅಡುಗೆಮನೆಯಲ್ಲೇ ಕೂರಿಸಿ ಚಹಾ ಕೊಟ್ಟ, ಕಾಗದಗಳನ್ನು ಓದಿದ. ಕಿಟಕಿಯಾಚೆ ಹುಲ್ಲಿನ ಮೇಲೆ ಬಿಳಿ ಡೇರೆ ಎಬ್ಬಿಸುತ್ತಿದ್ದರು. ಈಗ ಉಣ್ಣೆಗಿಂತ ಮದುವೆಗಳಿಗೆ ಜಾಗ ಬಾಡಿಗೆ ಕೊಡುವುದರಿಂದಲೇ ಆ ಮನೆ ನಡೆಯುತ್ತಿತ್ತು. ಓದಿ ಮುಗಿಸಿದವನ ಕಿವಿ ಕೆಂಪಾಗಿತ್ತು.

"ನಮಗಿದು ಗೊತ್ತಿರಲಿಲ್ಲ. ನಿಜವಾಗಲೂ. ನಮ್ಮ ಮನೇಲಿ ಅವರ ಹೆಸರನ್ನ ಎಷ್ಟು ಗೌರವದಿಂದ..."

"ಗೊತ್ತು. ಕಲ್ಲಿನ ಮೇಲೇ ಇದೆಯಲ್ಲ."

"ಆಗಿನ ಕಾಲ ಹಾಗಿತ್ತು, ಗ್ಲೆನಿಸ್. ಒಂದು ಮಗು ಸಾಯ್ತಾ ಇದ್ದರೆ ತಂದೆಯಾದವನು ಏನು ಮಾಡಬೇಕಿತ್ತು ಹೇಳಿ?"

"ಎರಡು ಮಗು ಸಾಯ್ತಾ ಇತ್ತು. ಜನವರೀಲೇ ಅವಳ ಜೊತೆ ಅವಳ ಕೂಸನ್ನೂ ತರಿಸ್ಕೋಬಹುದಿತ್ತು. ಆಗ್ಲೂ ಗಾಡೀಲಿ ಜಾಗ ಇತ್ತಲ್ಲ."

ಅವನು ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟ. "ಕಲ್ಲು ಎಡ್ಮಂಡ್ ನಿಲ್ಲಿಸಿದ್ದು. ಅದಕ್ಕೆ ಕೈಹಚ್ಚೋಕೆ ನನ್ನ ತಮ್ಮಂದಿರು ಒಪ್ಪೋದಿಲ್ಲ, ನಾನೂ ಒಪ್ಪೋದಿಲ್ಲ. ಆ ಮಗು ಈ ಮನೆಗೆ ಬಂದದ್ದೇ ಇಲ್ಲ. ನಿಮ್ಮ ತಾಯಿಯವರಿಗೆ ಜಾಗ ಕೊಡ್ತೀನಿ, ಮಾತು ಕೊಟ್ಟಿದೀನಿ. ಅಂಗೈಯಗಲದ ಹಿತ್ತಾಳೆ ಫಲಕ, ಒಂದು ಹೆಸರು. ಅಷ್ಟು."

ಗ್ಲೆನಿಸ್ ಅಷ್ಟನ್ನೇ ತಂದು ಅಮ್ಮನಿಗೆ ಒಪ್ಪಿಸಿದಳು. ಬೆರಿಲ್ ಕಣ್ಣು ಮುಚ್ಚಿದಳು. ನಿದ್ದೆ ಹತ್ತಿತೆಂದು ಗ್ಲೆನಿಸ್ ಏಳುವಷ್ಟರಲ್ಲಿ, "ಒಂದು ಹೆಸ್ರು ಅಂದ್ನಾ?" ಎಂದಳು.

"ಒಂದೇ."

"ಯಾರ ಹೆಸ್ರು ಅಂತ ಅಂದ್ನಾ?"

"ಇಲ್ಲ," ಎಂದಳು ಗ್ಲೆನಿಸ್.

"ಹಂಗಾದ್ರೆ ನಂದು ಬೇಡ. ಕೂಸಿಂದು ಹಾಕ್ಸು."

"ಅಮ್ಮಾ, ನಿನ್ನ ಹೆಸರೇ ಇಲ್ದೆ ನೀನಲ್ಲಿ..."

"ನನ್ ಹೆಸ್ರು ಓದೋರು ಯಾರೇ? ನೀನೊಬ್ಳು, ನಿನ್ ಮಗಳೊಬ್ಳು. ನಿಮ್ಗೇನು ಮರ್ತ್ ಹೋಗತ್ತಾ? ಎಂಬತ್ನಾಲ್ಕು ವರ್ಷ ಎಲ್ಲಾ ಕಡೆ ಬರ್ದಿದೀನಿ ಆ ಹೆಸ್ರು. ಪಿಂಚಣಿ ಆಫೀಸಿನೋರಿಗೆ ಬೇಜಾರಾಗೋಷ್ಟು." ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಆ ದ್ವೀಪಕ್ಕೆ ಚಳಿಗಾಲವಾದ ಜುಲೈಯಲ್ಲಿ ಬೆರಿಲ್ ತೀರಿಕೊಂಡಳು, ಮಧ್ಯಾಹ್ನ, ಗ್ಲೆನಿಸ್ ಪಾಳಿ ಮುಗಿಸಿ ಬರುವ ಮುಂಚೆ. ಬಂದಾಗ ಯಂತ್ರ ಮಾತ್ರ ಉಸಿರಾಡುತ್ತಿತ್ತು.

ಹತ್ತು ದಿನದ ಮೇಲೆ, ಶನಿವಾರ, ಗ್ಲೆನಿಸ್ ಬೂದಿಯ ಡಬ್ಬಿಯನ್ನು ಬಾಡಿಗೆ ಕಾರಿನ ಪಕ್ಕದ ಸೀಟಿನಲ್ಲಿ ಪಟ್ಟಿ ಬಿಗಿದು ಕೂರಿಸಿಕೊಂಡು ಹೊರಟಳು. ಹಿಂದೆ ಒಂದು ಸಲಿಕೆ, ಒಂದು ಕ್ಯಾನು ನೀರು, ಬೇಗ ಗಟ್ಟಿಯಾಗುವ ಸಿಮೆಂಟಿನ ಚೀಲ. ಓಟ್‌ಲ್ಯಾಂಡ್ಸ್ ಬಯಲಿನಲ್ಲಿ ಹಿಮ ಕರಗಿರಲಿಲ್ಲ. ಮದುವೆಯಿರದ ದಿನ, ಡೇರೆಯ ಜಾಗದಲ್ಲಿ ಹುಲ್ಲು ಹಳದಿಗಟ್ಟಿತ್ತು. ಹ್ಯಾವರ್ಗಲ್ ಕಪ್ಪು ಕೋಟು ತೊಟ್ಟು ಬೇಲಿಯವರೆಗೆ ಬಂದು ಟೋಪಿ ತೆಗೆದ. ಸಂತಾಪದ ಮಾತನ್ನು ಸರಿಯಾಗಿಯೇ ಹೇಳಿದ. ಆಮೇಲೆ ಅವಳ ಕೈಯಲ್ಲಿದ್ದ ಫಲಕವನ್ನು ಓದಿದ.

ಆ್ಯನ್ ಪಿಮ್. ಐದು ತಿಂಗಳು.

"ಇದು ನಿಮ್ಮ ತಾಯಿಯ ಹೆಸರಲ್ಲ."

"ಒಂದು ಹೆಸರು ಅಂದ್ರಿ. ಒಂದೇ ಇದೆ."

"ಗ್ಲೆನಿಸ್, ನಾನು ಹೇಳಿದ ಅರ್ಥ ಅದಲ್ಲ, ನಿಮಗದು ಗೊತ್ತು."

"ಗೊತ್ತು. ಅಮ್ಮನಿಗೂ ಗೊತ್ತಿತ್ತು. ತನ್ನ ಜಾಗ ಬಿಟ್ಟುಕೊಟ್ಟಿದಾಳೆ, ನಿಮ್ಮದೇನೂ ಕೇಳಿಲ್ಲ."

ಅವನು ಟೋಪಿ ಹಾಕಿಕೊಂಡು ಮನೆಯ ಕಡೆ ನಡೆದುಬಿಟ್ಟ. ಬೇಡವೆನ್ನಲಿಲ್ಲ, ಹ್ಞೂ ಎನ್ನಲೂ ಇಲ್ಲ.

ನೆಲ ಕಬ್ಬಿಣದಂತಿತ್ತು. ಗೇಣಾಳಕ್ಕೆ ತೋಡುವಷ್ಟರಲ್ಲಿ ಬೆರಳುಗಳ ಬಿರುಕುಗಳೆಲ್ಲ ಬಾಯಿಬಿಟ್ಟು ಹಿಡಿಕೆಗೆ ರಕ್ತ ಹತ್ತಿತು. ಬೂದಿ ಸುರಿದಳು. ಅದು ಅವಳಂದುಕೊಂಡದ್ದಕ್ಕಿಂತ ಒರಟಾಗಿತ್ತು, ಭಾರವಾಗಿತ್ತು. ಮಣ್ಣು ಮುಚ್ಚಿ, ಸಿಮೆಂಟು ಕಲಸಿ ಹೊಯ್ದು, ಫಲಕವನ್ನು ಅದರಲ್ಲಿ ಒತ್ತಿದಳು. ಚೀಲದ ಮೇಲೆ ಇಪ್ಪತ್ತು ನಿಮಿಷವೆಂದಿತ್ತು. ಈ ಚಳಿಯಲ್ಲಿ ಒಂದು ಗಂಟೆಯಾದರೂ ಬೇಕು. ಹಸಿಯಿದ್ದಾಗ ಯಾರಾದರೂ ಬೆರಳಿನಲ್ಲೇ ಎಬ್ಬಿಸಬಹುದು.

ಮನೆಯ ಮೇಲಿನ ಕಿಟಕಿಯಲ್ಲಿ ಹ್ಯಾವರ್ಗಲ್ ನಿಂತಿದ್ದ. ಅವಳು ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ಕಲ್ಲಿನ ಪಕ್ಕದಲ್ಲೇ ನಿಂತಳು. ಅವನು ಅಲ್ಲಿಂದ ಕದಲಲಿಲ್ಲ, ಇವಳೂ ಕದಲಲಿಲ್ಲ. ನಡುವೆ ಎರಡು ಸಲ ಬಗ್ಗಿ ಸಿಮೆಂಟನ್ನು ಉಗುರಿನಿಂದ ಒತ್ತಿ ನೋಡಿದಳು. ಇನ್ನೂ ಮೆತ್ತಗಿತ್ತು.