ಬೇಗಡೆ ಸುತ್ತಿದ ಫ್ಯೂಸು

ಗುಂಡಣ್ಣನ ಈ ಸಂಗತಿಯನ್ನು ಹೇಳುವ ಅಧಿಕಾರ ನನಗಿದೆಯೋ ಇಲ್ಲವೋ. ಧೈರ್ಯ ಮಾಡಿದ್ದೇನೆ, ಓದುವವರು ಮನ್ನಿಸಬೇಕು.

ರೇಡಿಯೊದ ಹಿಂಬದಿಯ ತಗಡು ಬಿಚ್ಚುತ್ತಲೇ ಸುಟ್ಟ ರಬ್ಬರಿನ ವಾಸನೆ ಜಯನಗರದ ಆ ನಡುಮನೆಯನ್ನೆಲ್ಲ ತುಂಬಿತು. ಮಿಲಿಟರಿಯವರು ಹರಾಜು ಹಾಕಿದ್ದ, ಇಬ್ಬರು ಎತ್ತಬೇಕಾದಷ್ಟು ಭಾರದ ಹಸಿರು ಪೆಟ್ಟಿಗೆ. ಒಳಗೆ ಕೆಂಪು, ಹಳದಿ ವೈರುಗಳೆಲ್ಲ ಸುಟ್ಟು ಒಂದೇ ಸಮ ಕಪ್ಪಾಗಿದ್ದವು. ಬಣ್ಣ ನೋಡಿ ಗುರುತು ಹಿಡಿಯುವಂತಿರಲಿಲ್ಲ. ರಿಪೇರಿಗೆ ಬಂದಿದ್ದ ಗುಂಡಣ್ಣ ನೆಲದ ಮೇಲೆ ಕುಳಿತು, ಮೀಟರು ಹಿಡಿದು, ಒಂದೊಂದೇ ವೈರನ್ನು ತುದಿಯಿಂದ ತುದಿಗೆ ಹುಡುಕತೊಡಗಿದ. ಅದು ೧೯೬೨ರ ನವೆಂಬರು.

"ಎಲ್ಲಾ ನಮ್ಮವ್ವನ ಕೆಲಸ," ಎಂದರು ಮನೆಯ ಯಜಮಾನ ಜಯದೇವಪ್ಪ, ಅವನ ತಲೆಯ ಮೇಲೆಯೇ ನಿಂತು. "ಸೋಮವಾರ ಅಂತ ಒದ್ದೆ ಬಟ್ಟೇಲಿ ಒರೆಸಿ ವಿಭೂತಿ ಬಳಿದಿದಾಳೆ. ಪೂಜೆ ಮಾಡೋಕೆ ಇದೇನು ಲಿಂಗಾನಾ? ತಮ್ಮ ಗಡೀಲಿದಾನೆ. ವಾರ್ತೆ ಕೇಳಿ ಮೂರು ದಿನ ಆಯ್ತು."

ಅಡಿಗೆಮನೆಯ ಹೊಸ್ತಿಲಲ್ಲಿ ಸಿದ್ದಗಂಗಮ್ಮ ಸೆರಗಿನೊಳಗೆ ಕೈ ಸುತ್ತಿಕೊಂಡು ನಿಂತಿದ್ದರು. "ಮಗನ ಸುದ್ದಿ ಹೇಳೋ ಪೆಟ್ಟಿಗೆ ಅಂತ ಹಚ್ದೆ ಕಣಪ್ಪ."

ಒಂದು ಕಂಡೆನ್ಸರು ಕೆಟ್ಟು ಮಿತಿಮೀರಿ ಕರೆಂಟು ಎಳೆದಿತ್ತು. ಹಾಗಾದರೆ ಮೊದಲು ಫ್ಯೂಸು ಹಾರಬೇಕಿತ್ತು, ವೈರು ಸುಡುವ ಮಾತೇ ಇಲ್ಲ. ಗುಂಡಣ್ಣ ಫ್ಯೂಸಿನ ಮುಚ್ಚಳ ತಿರುಗಿಸಿದ. ಬೆರಳುದ್ದದ ಗಾಜಿನ ಕೊಳವೆಗೆ ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿಬಣ್ಣದ ಬೇಗಡೆ ಸುತ್ತಿತ್ತು. ಎಷ್ಟು ಕರೆಂಟು ಹರಿದರೂ ಅದು ಹಾರುವಂಥದಲ್ಲ.

ಅವನೇ ಸುತ್ತಿದ್ದು. ದೀಪಾವಳಿಯ ಹಿಂದಿನ ದಿನ ಈ ಪೆಟ್ಟಿಗೆಯನ್ನು ಮನೆಯ ಕರೆಂಟಿಗೆ ಹೊಂದಿಸುವಾಗ ಫ್ಯೂಸು ಹಾರಿತ್ತು. ಚೀಲದಲ್ಲಿ ಬೇರೆ ಇರಲಿಲ್ಲ. ತಾನು ಓದಲು ಹೋಗುತ್ತಿದ್ದ ಸಂಜೆ ಕ್ಲಾಸಿಗೆ ಹೊತ್ತಾಗಿತ್ತು. ಜಯದೇವಪ್ಪನವರು ಎಸೆದಿದ್ದ ಪ್ಯಾಕು ಕಣ್ಣಿಗೆ ಬಿದ್ದಿತ್ತು. ನಾಳೆ ಬದಲಾಯಿಸಿದರಾಯಿತು ಎಂದುಕೊಂಡವನು ಮರೆತೇಬಿಟ್ಟಿದ್ದ. ಇಂಥದೇ ಕೆಲಸಕ್ಕೆ ಅವನ ರಿಪೇರಿ ಅಂಗಡಿಯ ಮಾಲೀಕ ಗುರುಶಾಂತಪ್ಪ ಹೋದ ತಿಂಗಳು ಜೊತೆಗಾರ ಸೀನುವನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು.

"ನೀರಿಂದ ತಾನೆ?" ಎಂದರು ಜಯದೇವಪ್ಪ.

ಗುಂಡಣ್ಣ ಫ್ಯೂಸನ್ನು ಮುಷ್ಟಿಯೊಳಗೆ ಅದುಮಿಕೊಂಡ. "ನೀರಲ್ಲ ಸಾರ್. ವೈರು... ಹಳೇದು."

"ಯುದ್ಧ ಮುಗಿಸ್ಕೊಂಡು ಬಂದಿರೋ ವೈರು, ನಮ್ಮನೇಲಿ ಕೂತು ಹಳೇದಾಯ್ತಾ?"

"ನನ್ನ ಮಾನ ಉಳಿಸೋಕೆ ಸುಳ್ಳು ಹೇಳ್ಬೇಡಪ್ಪ," ಎಂದರು ಸಿದ್ದಗಂಗಮ್ಮ. "ಒದ್ದೆ ಮಾಡ್ದೋಳು ನಾನೇ."

ಅವನು ಬಾಯಿ ತೆರೆದ. ಜಯದೇವಪ್ಪ ಗಡಿಯಾರ ನೋಡಿದರು. ಅವನು ತಲೆ ತಗ್ಗಿಸಿ ಬೆಸುಗೆಯ ಕಡ್ಡಿ ಕೈಗೆತ್ತಿಕೊಂಡ.

ಸಂಜೆಯ ವಾರ್ತೆಯ ಹೊತ್ತಿಗೆ ಹೊಸ ಕಂಡೆನ್ಸರು, ಹೊಸ ವೈರು, ಹೊಸ ಫ್ಯೂಸು ಎಲ್ಲ ಕೂತಿದ್ದವು. ಪೆಟ್ಟಿಗೆ ಕೊಂಚ ಗೊರಗುಟ್ಟಿ ಮಾತಾಡಿತು.

"ಬಾ ಅವ್ವ, ಕೇಳು. ಮುಟ್ಬೇಡ, ಅಷ್ಟೆ."

ಸಿದ್ದಗಂಗಮ್ಮ ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ಕತ್ತು ಚಾಚಿ ಕೇಳಿಸಿಕೊಂಡರು.

ಗುಂಡಣ್ಣ ಚೀಲ ಹೆಗಲಿಗೇರಿಸಿದ. ಹೊರಡುವ ಮುನ್ನ ರೇಡಿಯೊದ ಮೇಲೆ, ಅರ್ಧ ಅಳಿಸಿದ್ದ ವಿಭೂತಿಯ ಪಟ್ಟೆಗಳ ಪಕ್ಕದಲ್ಲಿ, ಬೇಗಡೆ ಸುತ್ತಿದ ಫ್ಯೂಸನ್ನು ಇಟ್ಟ. ಜಯದೇವಪ್ಪ ಕಣ್ಣು ಮುಚ್ಚಿ ವಾರ್ತೆ ಕೇಳುತ್ತಿದ್ದರು. ಆಮೇಲೆ ಅವರು ಅದನ್ನು ಕೈಗೆತ್ತಿಕೊಂಡು ನೋಡಿದರೋ, ಕಸವೆಂದು ಗುಡಿಸಿ ಹಾಕಿದರೋ, ನನಗೆ ತಿಳಿಯದು.