ಏಳನೇ ಪ್ರತಿ

ಹೋದ ತಿಂಗಳು ಪಿಂಡಾಕ್ ಸೇತುವೆಯ ಮೇಲೆ ಸಿಕ್ಕ ಹೆಣವನ್ನು ಪೊಲೀಸರು ಮೂರು ಗೋಣಿಚೀಲಗಳಲ್ಲಿ ತುಂಬಿಕೊಂಡು ಬಂದಿದ್ದರು. ಸತ್ತವನು ತೀಮಾಲ ಕುಲದವನು, ಕಡಿದವರೂ ತೀಮಾಲರೇ. ಪೊಲೀಸರ ಮುಂದೆ ಬಾಯಿ ಬಿಟ್ಟ ಎಂಬ ಗುಮಾನಿ, ಅಷ್ಟೇ. ಆಮೇಲೆ ವಿಚಾರಿಸಿದರೆ ಆ ಬಡಪಾಯಿ ಠಾಣೆಗೆ ಹೋಗಿದ್ದು ಕಳೆದುಹೋದ ಹಂದಿಯ ದೂರು ಕೊಡಲಿಕ್ಕೆ. ಎಂಟು ತಿಂಗಳಿಂದ ಲೇಮಾ ಹೊಳೆಯ ಈಚೆ ದಡದ ಯಾಕುಲರೂ ಆಚೆ ದಡದ ತೀಮಾಲರೂ ಬಡಿದಾಡುತ್ತಿದ್ದರು. ಮೊದಮೊದಲು ಬಿಲ್ಲು, ಕೊಡಲಿಗಳಲ್ಲಿ ನಡೆದ ಜಗಳಕ್ಕೆ ಈಗ ಬಂದೂಕು ಬಂದಿತ್ತು. ನಲವತ್ತೊಂದು ಹೆಣ ಬಿದ್ದಿದ್ದವು. ಸುಟ್ಟ ಮನೆಗಳ ಲೆಕ್ಕ ಯಾರೂ ಇಟ್ಟಿರಲಿಲ್ಲ.

ಆ ಮೂರು ಚೀಲದ ವರದಿಗೆ ಕೆಂಪು ಮೊಹರು ಒತ್ತಿದವಳು ತಬಿತಾ. ಯಾಕುಲರ ಹೆಣ್ಣು. ಪ್ರಾಂತ್ಯದ ಪೊಲೀಸ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತೆ. ಅವಳ ಕಬ್ಬಿಣದ ಪೆಟ್ಟಿಗೆಯಲ್ಲಿ ಮೂರು ಮೊಹರುಗಳಿದ್ದವು: ನಿರ್ಬಂಧಿತ, ಗೋಪ್ಯ, ಅತಿಗೋಪ್ಯ. ಪ್ರತಿ ಹಾಳೆಯ ತಲೆಗೊಂದು, ಬುಡಕ್ಕೊಂದು ಒತ್ತಬೇಕು. ಎಷ್ಟು ಪ್ರತಿ ಹೊರಟಿತೋ ಅಷ್ಟಕ್ಕೂ ನಂಬರು ಹಾಕಬೇಕು, ಯಾವ ನಂಬರು ಯಾವ ಠಾಣೆಗೆ ಹೋಯಿತೆಂದು ಬರೆದಿಡಬೇಕು. ಯಾವ ಕಾಗದಕ್ಕೆ ಯಾವ ಮೊಹರು ಎಂದು ಹೇಳುವವನು ಕಾಗದ ಬರೆದವನು. ಒತ್ತುವವಳಿಗೆ ಅದರಲ್ಲಿ ಬಾಯಿಲ್ಲ.

ಹಾಗೆ ಬಾಯಿ ಇರುವವರೆಲ್ಲ ಸೇರಿ ಕೆಳಗಿನ ದರ್ಜೆಯ ಮೊಹರಿನ ಮಾನ ಕಳೆದಿದ್ದರು. ಜೀಪಿನ ಟೈರು ಬೇಕೆಂಬ ಅರ್ಜಿಗೂ ನಿರ್ಬಂಧಿತ, ಅಡುಗೆಯವನ ರಜೆಗೂ ನಿರ್ಬಂಧಿತ. ಹಳ್ಳಿಯ ಠಾಣೆಗಳಲ್ಲಿ ಆ ಲಕೋಟೆಗಳನ್ನು ಯಾರೂ ಒಡೆಯುತ್ತಲೂ ಇರಲಿಲ್ಲ. ವಾರಗಟ್ಟಲೆ ಬಿದ್ದು ಕೊನೆಗೆ ಹೊಗೆಸೊಪ್ಪು ಸುತ್ತಲು ಹೋಗುತ್ತಿದ್ದವು. ಸರ್ಕಾರಿ ಕಾಗದ ಚೆನ್ನಾಗಿ ಉರಿಯುತ್ತದೆ ಎಂದು ನಮ್ಮ ಮುದುಕರು ಈಗಲೂ ಹೊಗಳುತ್ತಾರೆ.

ತಬಿತಾಳ ತಂಗಿ ಪಸೋನೆಯನ್ನು ಕೊಟ್ಟಿದ್ದು ಹೊಳೆಯಾಚೆ, ತೀಮಾಲರ ಅಲೆಂಬೊಗೆ. ಇದರಲ್ಲಿ ವಿಶೇಷವೇನಿಲ್ಲ. ನಾವು ಯಾರ ಜೊತೆ ಬಡಿದಾಡುತ್ತೇವೋ ಅವರ ಮನೆಗೇ ಹೆಣ್ಣು ಕೊಡುತ್ತೇವೆ, ಅವರ ಮನೆಯಿಂದಲೇ ತರುತ್ತೇವೆ. ಜಗಳವಿಲ್ಲದಾಗ ಅದು ಸಂಬಂಧ. ಜಗಳ ಬಂತೋ, ಕೊಟ್ಟ ಹೆಣ್ಣು ಎರಡು ದಡಕ್ಕೂ ಬೇಡದವಳು. ಅಣ್ಣ ಗಂಡನನ್ನು ಕೊಲ್ಲಲು ಬರುತ್ತಾನೆ, ಗಂಡ ಅಣ್ಣನನ್ನು ಕೊಲ್ಲಲು ಹೋಗುತ್ತಾನೆ, ಅವಳು ನಡುವೆ ಗೆಣಸು ಬೇಯಿಸುತ್ತಿರುತ್ತಾಳೆ.

ಒಂದು ಶನಿವಾರ ಸಂತೆಯಲ್ಲಿ ಪಸೋನೆ ಸೊಪ್ಪಿನ ಕಟ್ಟಿನ ಹಿಂದೆ ಕೂತು ಅಕ್ಕನ ಕಿವಿಗೆ ಒಂದು ಮಾತು ಹಾಕಿದಳು. ಗಂಡನ ಚಿಕ್ಕಪ್ಪನ ಹಂದಿಗೂಡಿನ ನೆಲದಡಿ ಹನ್ನೊಂದು ಬಂದೂಕು ಹೂತಿಟ್ಟಿದ್ದಾರೆ. ಮುಂದಿನ ದಾಳಿಗೆ ಮೊದಲ ಸಾಲಿನಲ್ಲಿ ನಿಲ್ಲುವವರು ಅವಳ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಇಪ್ಪತ್ತೆರಡು, ಚಿಕ್ಕವನಿಗೆ ಹತ್ತೊಂಬತ್ತು. ಎದುರಿಗೆ ನಿಲ್ಲುವವರು ಅವರ ಸೋದರಮಾವಂದಿರು. ಬಂದೂಕು ಹೋದರೆ ದಾಳಿ ನಿಲ್ಲುತ್ತದೆ, ಮಕ್ಕಳು ಉಳಿಯುತ್ತಾರೆ ಎಂದಳು.

ತಬಿತಾ ಅವಳನ್ನು ಕಚೇರಿಯ ಹಿಂಬಾಗಿಲಿಂದ ಹೊಸ ಸಾಹೇಬ ಮೊರೆಯಾ ಅವರ ಕೋಣೆಗೆ ಕರೆದುಕೊಂಡು ಹೋದಳು. ಮೊರೆಯಾ ಕರಾವಳಿಯವರು. ಒಳ್ಳೆಯ ಮನುಷ್ಯ, ಲಂಚ ಮುಟ್ಟುವವರಲ್ಲ. ಹೆಸರು ಎಲ್ಲಿಯೂ ಬರೆಯುವುದಿಲ್ಲ ಎಂದು ಪಸೋನೆಯ ಕೈ ಹಿಡಿದು ಮಾತು ಕೊಟ್ಟರು.

ಕೊಟ್ಟ ಮಾತನ್ನು ಉಳಿಸಿಕೊಂಡರು ಕೂಡ. ಅದೇ ಆದದ್ದು ಎಡವಟ್ಟು. ಸೋಮವಾರ ತಬಿತಾ ಯಾರದೋ ಮಣ್ಣಿಗೆ ಹೋಗಿದ್ದಾಗ ಸಾಹೇಬರು ಕಾಗದ ಬರೆದು, ಅದರಲ್ಲಿ ಹೆಸರೇ ಇಲ್ಲವಲ್ಲ ಎಂದು ಕೆಳಗಿನ ಮೊಹರು ಒತ್ತಿಸಿ, ಜನ ಮತ್ತು ಜೀಪು ಸಿದ್ಧವಿಡಿ ಎಂದು ಒಂಬತ್ತು ಠಾಣೆಗೆ ಒಂಬತ್ತು ಪ್ರತಿ ಕಳಿಸಿಬಿಟ್ಟರು. ಅಂದು ಬೆಳಿಗ್ಗೆಯೇ ಹೊರಟ ಟಪಾಲು ಜೀಪಿನಲ್ಲಿ ಏಳನೇ ಪ್ರತಿ ಸಂಜೆಗೆ ಪಿಂಡಾಕ್ ಠಾಣೆ ಸೇರಿತು. ಠಾಣೆಯಿಂದ ಸೇತುವೆ ದಾಟಿದರೆ ತೀಮಾಲರ ಊರು.

ಮಂಗಳವಾರ ಬೆಳಿಗ್ಗೆ ತಬಿತಾ ಕಚೇರಿಯ ಪ್ರತಿ ಓದಿದಳು. 'ಸುದ್ದಿ ಕೊಟ್ಟವರು: ಹೊಳೆಯಾಚೆಗೆ ಮದುವೆಯಾಗಿ ಹೋದ ಹೆಂಗಸು, ಇಬ್ಬರು ಬೆಳೆದ ಗಂಡುಮಕ್ಕಳ ತಾಯಿ, ಗೆಣಸಿನ ತೋಟ ಹಂದಿಗೂಡಿಗೆ ಹೊಂದಿಕೊಂಡಿದೆ.' ಕದ ತಟ್ಟದೆ ಸಾಹೇಬರ ಕೋಣೆಗೆ ನುಗ್ಗಿದಳು.

"ಸಾರ್, ಇದು ಮೇಲಿನ ಮೊಹರಿಗೆ ಹೋಗ್ಬೇಕು. ಈಗಲೇ."

"ಹೆಸರಿಲ್ಲವಲ್ಲ ತಬಿತಾ. ನಾನೇ ಎರಡು ಸಲ ನೋಡಿದೀನಿ."

"ನಮ್ಮ ಕಡೆ ಹೆಸರು ಯಾರಿಗೆ ಬೇಕು ಸಾರ್? ತೀಮಾಲರ ಮನೆ ಸೇರಿದ ನಮ್ಮ ಹೆಣ್ಣುಮಕ್ಕಳು ಆರು ಜನ. ಹಂದಿಗೂಡಿನ ಪಕ್ಕ ತೋಟ ಇರೋಳು ಒಬ್ಬಳೇ."

ಸಾಹೇಬರಿಗೆ ಸಿಟ್ಟು ಬಂತು. ಹತ್ತೊಂಬತ್ತು ವರ್ಷ ಮೊಹರು ಒತ್ತಿದವರಿಗೆ ಯಾವುದು ಗುಟ್ಟು ಎಂದು ತೀರ್ಮಾನಿಸುವ ಅಧಿಕಾರವೂ ಬಂದುಬಿಟ್ಟಿತೇ ಎಂದು ಹಂಗಿಸಿದರು. ತಬಿತಾ ಅಲ್ಲಾಡಲಿಲ್ಲ. ಹೊರಗೆ ಹೋಗಿ ಎಂದರೂ ಹೋಗಲಿಲ್ಲ.

"ಅವಳನ್ನ ನಿಮ್ಮ ಹತ್ರ ಕರ್ಕೊಂಡು ಬಂದೋಳು ನಾನು," ಎಂದಳು. "ನಾಳೆ ಅವಳನ್ನ ಚೀಲದಲ್ಲಿ ತರ್ತಾರೆ. ಆ ವರದಿಗೂ ನಾನೇ ಒತ್ತಬೇಕು ಸಾರ್. ಅದಕ್ಕೆ ಯಾವ ಮೊಹರು ಅಂತ ಈಗಲೇ ಹೇಳ್ಬಿಡಿ."

ಮೊರೆಯಾ ಕಾಗದ ಎಳೆದುಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಅತಿಗೋಪ್ಯ ಎಂದು ಬರೆದು ಸಹಿ ಹಾಕಿದರು. ತಬಿತಾ ಗೆದ್ದಳು. ಹತ್ತೊಂಬತ್ತು ವರ್ಷದಲ್ಲಿ ಒಬ್ಬ ಸಾಹೇಬನ ಕೈಯಲ್ಲಿ ಮೊಹರು ಬದಲು ಮಾಡಿಸಿದ್ದು ಅದೇ ಮೊದಲು.

ಮೊಹರು ಮೇಲೇರಿಸಿದರೆ ಮುಂದೇನು ಎಂಬುದು ನಿಯಮದ ಪುಸ್ತಕದಲ್ಲಿದೆ, ಅವಳಿಗೆ ಬಾಯಿಪಾಠ. ಹಳೆಯ ಗುರುತಿನ ಮೇಲೆ ಒಂದೇ ಗೆರೆ ಎಳೆಯಬೇಕು, ಹೊಸದು ಒತ್ತಬೇಕು, ಪ್ರತಿ ಯಾರ್‍ಯಾರ ಬಳಿ ಇದೆಯೋ ಅವರಿಗೆಲ್ಲ ಅಂದೇ, ಅತಿ ಬೇಗ ತಲುಪುವ ದಾರಿಯಲ್ಲಿ ತಿಳಿಸಬೇಕು. ಪಿಂಡಾಕ್‌ಗೆ ಜೀಪು ಹೋಗಲು ಇಡೀ ದಿನ ಬೇಕು. ಬೇಗ ತಲುಪುವುದು ಠಾಣೆಗಳ ನಡುವಿನ ರೇಡಿಯೋ. ತಬಿತಾ ತಾನೇ ಟೈಪು ಮಾಡಿ ಸಂಜೆ ನಾಲ್ಕರ ರೇಡಿಯೋಗೆ ಕೊಟ್ಟಳು. 'ಸೋಮವಾರ ಬಂದ ಪತ್ರದ ಒಂದರಿಂದ ಒಂಬತ್ತನೇ ಪ್ರತಿ ಈ ಕ್ಷಣದಿಂದ ಅತಿಗೋಪ್ಯ. ಠಾಣಾಧಿಕಾರಿ ಬಿಟ್ಟು ಯಾರೂ ಒಡೆಯಕೂಡದು. ಕೂಡಲೇ ಬೀಗ ಹಾಕಿ.' ಆಪರೇಟರ್ ಅದನ್ನು ಮೂರು ಸಲ ಓದಿದ. ಅವಳು ಪಕ್ಕದಲ್ಲೇ ನಿಂತು ಒಂದಕ್ಷರ ತಪ್ಪದಂತೆ ಓದಿಸಿದಳು. ಮನೆಗೆ ಹೋಗಿ ಗೆಣಸು, ಡಬ್ಬಿ ಮೀನು ತಿಂದು ಕಣ್ಣು ತುಂಬ ನಿದ್ದೆ ಮಾಡಿದಳು.

ಗುರುವಾರ ಬೆಳಿಗ್ಗೆ ಅದೇ ರೇಡಿಯೋದಲ್ಲಿ ಪಿಂಡಾಕ್‌ನಿಂದ ಸುದ್ದಿ ಬಂತು. ಬುಧವಾರ ಸಂಜೆ ಒಬ್ಬ ಹೆಂಗಸನ್ನು ಗೆಣಸಿನ ತೋಟದಲ್ಲಿ ಕಡಿದಿದ್ದಾರೆ, ಇನ್ನೂ ಜೀವವಿದೆ, ಔಷಧಿ ಕಳಿಸಿ.

ಪೊಲೀಸ್ ಜೀಪಿನ ಹಿಂಬದಿಯಲ್ಲಿ ಕೂತು ತಬಿತಾ ಸಂಜೆಯ ಹೊತ್ತಿಗೆ ಪಿಂಡಾಕ್ ತಲುಪಿದಳು. ಠಾಣೆಯ ಕಾನ್‌ಸ್ಟೇಬಲ್ ಕುಸೊ ಮೆಟ್ಟಿಲ ಮೇಲೆ ಅಡಿಕೆ ಅಗಿಯುತ್ತ ಕೂತಿದ್ದ. ಬೇರೆ ಪ್ರಾಂತ್ಯದವನು, ಯಾರ ಕುಲಕ್ಕೂ ಸೇರದವನು, ಹಾಗಾಗಿ ನಿಜ ಹೇಳಿದ. ಠಾಣೆಯ ಅಡುಗೆಯವನು ತೀಮಾಲರವನು, ಅವನೇ ಓದಿದ್ದು ಎಂದ.

"ಸೋಮವಾರ ಬಂದ ಕಾಗದವನ್ನ ಇಷ್ಟು ಬೇಗ ಹೇಗೆ ಓದಿದ?" ತಬಿತಾ ಕೇಳಿದಳು. "ನೀವು ತಿಂಗಳಾದ್ರೂ ಲಕೋಟೆ ಒಡೆಯಲ್ಲ."

"ಒಡೀತಿರಲಿಲ್ಲ ಅಕ್ಕ. ಅಕ್ಕಿ ಮೂಟೆ ಹಿಂದೆ ಬಿದ್ದಿತ್ತು, ಯಾರಿಗೂ ನೆನಪೂ ಇರಲಿಲ್ಲ." ಕುಸೊ ಕೆಂಪಗೆ ಉಗಿದ. "ನಾಲ್ಕು ಗಂಟೆಗೆ ರೇಡಿಯೋ ಹೇಳ್ತು. ಜಗಲಿ ಮೇಲೆ ಮೂವತ್ತು ಜನ ಕೂತಿದ್ರು, ಯಾರು ಸತ್ರು ಅಂತ ದಿನಾ ಕೇಳೋಕೆ ಬರ್ತಾರಲ್ಲ. ಒಡೀಬೇಡಿ, ಬೀಗ ಹಾಕಿ ಅಂತ ಮೂರು ಸಲ. ಠಾಣಾಧಿಕಾರಿ ಊರಲ್ಲಿರಲಿಲ್ಲ, ನಾನು ಸೇತುವೆ ಹತ್ರ ಇದ್ದೆ. ಇನ್ನೇನು, ಹುಡುಕಿ ಒಡೆದ್ರು. ಅಡುಗೆಯವನು ಓದಿ ಆಚೆ ದಡಕ್ಕೆ ಮುಟ್ಟಿಸಿದ."

ತಬಿತಾ ಗುಟ್ಟು ಕಾಯಲು ಹೋಗಿ ತಾನೇ ಊರಿಗೆಲ್ಲ ಡಂಗುರ ಹೊಡೆಸಿದ್ದಳು. ಕಾಗದ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ಅವಳಿಗೆ ಹತ್ತೊಂಬತ್ತು ವರ್ಷದಿಂದ ಗೊತ್ತಿತ್ತು. ಆ ಜಗಲಿಗಳ ಮೇಲೆ ಯಾರು ಕೂತಿರುತ್ತಾರೆ ಎಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಬುದ್ಧಿ ಆ ಒಂದು ದಿನ ಕೈಕೊಟ್ಟಿತು. ನಿಯಮ ಪಾಲಿಸಿದೆ ಎಂಬ ಸಮಾಧಾನ ಅವಳ ಕಣ್ಣು ಕಟ್ಟಿತ್ತು.

ಪಸೋನೆ ಠಾಣೆಯ ಪಕ್ಕದ ದವಾಖಾನೆಯಲ್ಲಿ ಚಾಪೆಯ ಮೇಲಿದ್ದಳು. ಮೈದುನರು ಮಚ್ಚಿನಿಂದ ಮೊದಲು ಎರಡೂ ಕಾಲು ಕಡಿದಿದ್ದರು, ಓಡದಿರಲಿ ಎಂದು. ಆಮೇಲೆ ಬೆನ್ನು, ಹೆಗಲು. ಬಲಗೈಯ ಮೂರು ಬೆರಳು ತೋಟದಲ್ಲೇ ಉಳಿದಿದ್ದವು. ಅವಳ ಮಕ್ಕಳನ್ನು ಅಷ್ಟರಲ್ಲಿ ಗುಡ್ಡದ ಮೇಲೆ ಮರಕ್ಕೆ ಕಟ್ಟಿಹಾಕಿದ್ದರಂತೆ. ಸತ್ತಳೆಂದು ಬಿಟ್ಟು ಹೋದ ಮೇಲೆ ಗಂಡ ಅಲೆಂಬೊ ಮನೆಯ ಬಾಗಿಲು ಕಿತ್ತು, ಅದರ ಮೇಲೆ ಮಲಗಿಸಿ, ಸ್ವಂತ ತಮ್ಮಂದಿರ ಕಣ್ಣೆದುರೇ ಹೊತ್ತುಕೊಂಡು ಸೇತುವೆ ದಾಟಿದ್ದ. ಶತ್ರುವಿನ ದಡಕ್ಕೆ ಬಂದವನು ಇನ್ನೂ ಅಂಗಳದಲ್ಲೇ ಕೂತಿದ್ದ. ಎದ್ದು ಹೋಗೆಂದು ಕುಸೊ ಎಷ್ಟು ಬಡಿದುಕೊಂಡರೂ ಹೋಗಿರಲಿಲ್ಲ.

"ನೀನು ಬಾಯಿ ಬಿಟ್ಟಿರಲ್ಲ ಅಂತ ನಂಗೊತ್ತು ಅಕ್ಕಾ," ಎಂದಳು ಪಸೋನೆ.

ಹೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ತಬಿತಾಳಿಗೆ ಆಗಲಿಲ್ಲ. "ನಾನೇ ಕಣೇ," ಎಂದಳು. "ರೇಡಿಯೋದಲ್ಲಿ ಹೇಳಿಸಿದ್ದು ನಾನೇ. ನಿನ್ನನ್ನ ಉಳಿಸ್ತೀನಿ ಅಂದ್ಕೊಂಡು ಹೇಳಿಸಿದೆ." ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ತಂಗಿಯ ಉಳಿದ ಎರಡು ಬೆರಳನ್ನು ಹಿಡಿದುಕೊಂಡು ಅತ್ತಳು.

"ಪೆದ್ದಿ," ಎಂದಳು ಪಸೋನೆ. "ಚಿಕ್ಕೋಳಿದ್ದಾಗಿಂದ ನಿಂಗೆ ಎಲ್ಲ ಅಚ್ಚುಕಟ್ಟಾಗಿ ಆಗ್ಬೇಕು." ಉಸಿರು ತೆಗೆದುಕೊಳ್ಳಲು ಒದ್ದಾಡಿದಳು. "ಅಣ್ಣಂಗೆ ಹೇಳ್ಬೇಡ. ನಿನ್ನನ್ನೂ ಕಡೀತಾನೆ. ಹುಡುಗರನ್ನ ನೋಡ್ಕೋ." ಕತ್ತಲಾಗುವ ಮೊದಲೇ ಅವಳ ಜೀವ ಹೋಯಿತು.

ಅಣ್ಣ ಲಕಾವೊ ಅರವತ್ತು ಗಂಡಸರನ್ನು ಕಟ್ಟಿಕೊಂಡು ಬಂದಾಗ ಹೆಣ ಇನ್ನೂ ಬೆಚ್ಚಗಿತ್ತು. ಮುಖಕ್ಕೆ ಮಸಿ ಬಳಿದುಕೊಂಡಿದ್ದರು, ಏಳು ಬಂದೂಕುಗಳಿದ್ದವು. ಕುಸೊ ಠಾಣೆಯ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಅವನನ್ನು ಬಯ್ಯಲಾರೆ, ಒಬ್ಬನೇ ಏನು ಮಾಡಿಯಾನು. ಲಕಾವೊ ತಂಗಿಯ ಮುಖ ನೋಡಿದ, ಹೊರಗೆ ಬಂದ, ಅಲೆಂಬೊನ ಜುಟ್ಟು ಹಿಡಿದು ತಲೆ ಬಗ್ಗಿಸಿದ. ಅಲೆಂಬೊ ಕೈ ಎತ್ತಲಿಲ್ಲ. ಮೊದಲು ಇವನು, ಆಮೇಲೆ ಹೊಳೆ ದಾಟಿ ಸಿಕ್ಕ ತೀಮಾಲರ ಗಂಡುಗಳೆಲ್ಲ, ಪಸೋನೆ ಹೆತ್ತ ಇಬ್ಬರನ್ನೂ ಬಿಡುವುದಿಲ್ಲ ಎಂದು ಲಕಾವೊ ಕೂಗಿದ. ಅವರು ತಂಗಿಯ ಮಕ್ಕಳಾದರೇನು, ಕುಲ ತೀಮಾಲರದು.

ಕೊಡಲಿ ಬೀಳುವ ಮೊದಲು ಒಬ್ಬ ಮುದುಕ ಕೋಲೆತ್ತಿ ತಡೆದ. ನಮ್ಮಲ್ಲಿ ರಕ್ತಕ್ಕೆ ಹೊಣೆ ಕಡಿದ ಕೈಯಲ್ಲ, ಕಡಿಯುವ ಹಾಗೆ ಮಾಡಿದವನು, ಅಂದರೆ ಜಗಳದ ಬುಡ. ಬುಡ ಯಾರೆಂದು ಕೇಳದೆ ಹೊಳೆ ದಾಟಿದವರು ಮುಂದೆ ಯಾವ ಪಂಚಾಯಿತಿಯಲ್ಲೂ ತಲೆಯೆತ್ತುವ ಹಾಗಿಲ್ಲ. ಮುದುಕ ಅದನ್ನೇ ಕೇಳಿದ.

"ಅವಳ ವಿಷಯ ಹೊರಗೆ ಬಿದ್ದಿದ್ದು ಯಾರ ಬಾಯಿಂದ?"

"ಇನ್ಯಾರ ಬಾಯಿಂದ, ಈ ನಾಯಿ ಬಾಯಿಂದಲೇ," ಎಂದ ಲಕಾವೊ.

"ಅಲ್ಲ," ಎಂದಳು ತಬಿತಾ. "ನನ್ನಿಂದ. ಬುಡ ನಾನು ಅಣ್ಣಾ. ಅವಳನ್ನ ಪೊಲೀಸರ ಹತ್ರ ಕರ್ಕೊಂಡು ಹೋಗಿದ್ದು ನಾನು. ಮಂಗಳವಾರ ರೇಡಿಯೋದಲ್ಲಿ ಹೇಳಿಸಿದ್ದೂ ನಾನು. ಆ ಮಾತು ಇಲ್ಲಿರೋ ಎಷ್ಟೋ ಜನ ಕೇಳಿದೀರಿ."

ಕೇಳಿದ್ದರು. ಗುಂಪಿನಲ್ಲಿ ನಾಲ್ಕಾರು ಜನ ತಲೆ ತಗ್ಗಿಸಿದರು. ಲಕಾವೊ ಅಲೆಂಬೊನ ಜುಟ್ಟು ಬಿಟ್ಟ. ತಬಿತಾಳ ಕಡೆಗೆ ನಡೆದು ಬಂದ. ಅವಳು ಓಡಲಿಲ್ಲ, ಕಣ್ಣು ಮಾತ್ರ ಮುಚ್ಚಿಕೊಂಡಳು. ಕಡೆಯ ಗಳಿಗೆಯಲ್ಲಿ ಅವನು ಕೊಡಲಿಯನ್ನು ತಿರುವಿದ. ಹಿಂಬದಿಯ ಏಟಿಗೆ ಬಲಗೈ ಮೊಣಕೈ ಕೆಳಗೆ ಮುರಿಯಿತು. ಎರಡನೆಯ ಏಟು ಹೆಗಲಿಗೆ ಬಿತ್ತು. ಮೂರನೆಯದಕ್ಕೆ ಎತ್ತಿದವನು ಕೊಡಲಿಯನ್ನು ನೆಲಕ್ಕೆ ಬಡಿದು, ಅಲ್ಲೇ ಕೂತು ಗೋಳೋ ಎಂದು ಅತ್ತ.

"ಇನ್ನೇನು ಮುಖ ಇಟ್ಕೊಂಡು ದಾಟೋದು," ಎಂದ ಮುದುಕ. "ಬುಡ ನಮ್ಮ ಮನೇಲೇ ಇದೆ."

ಯಾರೂ ದಾಟಲಿಲ್ಲ. ಗೊಣಗುತ್ತ, ಬಯ್ಯುತ್ತ, ಒಬ್ಬೊಬ್ಬರಾಗಿ ಬಂದೂಕು ಕೆಳಗಿಟ್ಟು ಹೆಣದ ಸುತ್ತ ಕೂತರು. ಮಾರನೆಯ ಬೆಳಿಗ್ಗೆ ಪಸೋನೆಯ ಇಬ್ಬರು ಮಕ್ಕಳು ಬರಿಗೈಯಲ್ಲಿ ಸೇತುವೆ ದಾಟಿ ಬಂದರು. ಹಗ್ಗದ ಗಾಯ ಮಣಿಕಟ್ಟಿನ ಮೇಲೆ ಹಸಿಯಾಗಿತ್ತು. ಸೋದರಮಾವನನ್ನು ದಾಟಿಕೊಂಡು ಹೋಗಿ ತಾಯಿಯನ್ನು ಎತ್ತಿಕೊಂಡರು. ದೊಡ್ಡಮ್ಮನ ಮುರಿದ ಕೈ ನೋಡಿದ ಚಿಕ್ಕವನು, ನೀನು ನಮ್ಮ ಹಿಂದೆ ಬರಬೇಡ ಎಂದ. ತಬಿತಾ ಅಲ್ಲೇ ನಿಂತಳು. ಇಬ್ಬರೂ ಜೀವಂತವಾಗಿ ಆ ದಡ ಸೇರುವವರೆಗೆ ಎಣಿಸುತ್ತ ನಿಂತಳು, ಒಬ್ಬ, ಇಬ್ಬರು ಎಂದು.